ಚಂದಾ ಕೊಟ್ಟವರು ಯಾರು?

ಮಕ್ಕಳೇ, ರಾಜಾಜಿನಗರದ ನಮ್ಮ ಬೀದಿಗಳಲ್ಲಿ ಗಣಪತಿ ಕೂರಿಸುವ ಹುಡುಗರು ಚಂದಾಕ್ಕೆ ಬರುವಾಗ ರಸೀದಿ ಪುಸ್ತಕ ತರುತ್ತಾರೆ, ನೋಡಿದ್ದೀರಲ್ಲ? ನೂರು ರೂಪಾಯಿ ಕೊಟ್ಟರೂ ಹೆಸರು ಬರೆದು ರಸೀದಿ ಹರಿದುಕೊಡುತ್ತಾರೆ. ಹೆಚ್ಚು ಕೊಟ್ಟವರ ಹೆಸರು ಪೆಂಡಾಲಿನ ಮುಂದೆ ಫ್ಲೆಕ್ಸಿನಲ್ಲಿರುತ್ತದೆ. ಮೆರವಣಿಗೆ ಯಾವುದೋ ಅಂಗಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ, ಯಾಕೆ ಅಂತ ಬೀದಿಗೆಲ್ಲ ತಿಳಿಯುತ್ತದೆ.

ರಾಜಕೀಯ ಪಕ್ಷಗಳೂ ಚಂದಾ ಎತ್ತುತ್ತವೆ. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಅಷ್ಟು ಹಣ ಕೊಡಬಲ್ಲವರು ದೊಡ್ಡ ದೊಡ್ಡ ಕಂಪನಿಗಳು. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಿಮ್ಮ ಅಜ್ಜಿ ಹೇಳುತ್ತಾರಲ್ಲ, ಮನೆಯ ಮಟ್ಟಿಗೆ ಅದು ಒಳ್ಳೆಯ ಮಾತೇ. ಗೆದ್ದ ಪಕ್ಷ ಅದನ್ನೇ ಚಂದಾ ಕೊಟ್ಟ ಕಂಪನಿಯ ವಿಷಯದಲ್ಲಿ ಪಾಲಿಸಿದರೆ? ರಸ್ತೆಯ ಟೆಂಡರು, ಗಣಿ, ಜಮೀನು ಯಾರ ಪಾಲಾದೀತು?

ಈ ಭಯ ಹಳೆಯದು. 1969ರಲ್ಲಿ ನಮ್ಮ ದೇಶ ಕಂಪನಿಗಳ ದೇಣಿಗೆಯನ್ನೇ ನಿಷೇಧಿಸಿತ್ತು. 1985ರಲ್ಲಿ ಮಿತಿ ಹಾಕಿ ಮತ್ತೆ ಬಿಟ್ಟರು. ಮುಂದೆ ಆ ಮಿತಿ, ಕಂಪನಿಯ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 7.5 ಎಂದಾಯಿತು. 2017ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಅದೇ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿಯವರು ಚುನಾವಣಾ ಬಾಂಡ್ ಪ್ರಕಟಿಸಿದರು.

ಬಾಂಡ್ ಎಂದರೆ ಸಿನಿಮಾದ ಜೇಮ್ಸ್ ಬಾಂಡ್ ಅಲ್ಲ, ಆದರೂ ಇವನಿಗೂ ಗುಟ್ಟು ಬಹಳ ಇಷ್ಟ. 2018ರಿಂದ ಸ್ಟೇಟ್ ಬ್ಯಾಂಕಿನ ಆಯ್ದ ಶಾಖೆಗಳಲ್ಲಿ ಇದು ಸಿಗುತ್ತಿತ್ತು. ನಮ್ಮ ಸೇಂಟ್ ಮಾರ್ಕ್ಸ್ ರಸ್ತೆಯ ಮುಖ್ಯ ಶಾಖೆಯಲ್ಲೂ. 1,000 ರೂಪಾಯಿಯಿಂದ 1 ಕೋಟಿಯವರೆಗೆ ಐದು ಬಗೆ. ಕೊಂಡು ಪಕ್ಷಕ್ಕೆ ಕೊಟ್ಟರೆ, ಪಕ್ಷ 15 ದಿನದೊಳಗೆ ನಗದು ಮಾಡಿಕೊಳ್ಳಬೇಕು. ಬಾಂಡಿನ ಮೇಲೆ ಕೊಂಡವರ ಹೆಸರಿಲ್ಲ. ಪಕ್ಷವೂ ಹೆಸರು ಹೇಳಬೇಕಿರಲಿಲ್ಲ.

ಸರ್ಕಾರದ ವಾದವನ್ನೂ ಕೇಳೋಣ. ಕಪ್ಪುಹಣದ ಮೂಟೆಗಿಂತ ಬ್ಯಾಂಕಿನ ಮೂಲಕ ಬರುವ ಹಣ ವಾಸಿ. ಹೆಸರು ಹೊರಬಿದ್ದರೆ ಎದುರು ಪಕ್ಷ ಸೇಡು ತೀರಿಸಿಕೊಂಡೀತು ಎಂಬ ಅಂಜಿಕೆ ದಾನಿಗಿರುತ್ತದೆ. ಇದರಲ್ಲೂ ಹುರುಳಿಲ್ಲದಿಲ್ಲ.

ಆದರೆ ಕೌಂಟರಿನ ಹಿಂದೆ ಕೂತು ಕೂದಲು ನರೆಸಿಕೊಂಡ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಯಾರು ದುಡ್ಡು ಕಟ್ಟಿದರು ಎಂದು ಬರೆದುಕೊಳ್ಳದ ಬ್ಯಾಂಕು ಇಲ್ಲ. ಖೋಟಾನೋಟು ಪತ್ತೆಗೆ ಕ್ಯಾಷಿಯರ್ ಹಿಡಿಯುವ ನೇರಳೆ ದೀಪವಿದೆಯಲ್ಲ, ಅಂಥ ದೀಪದಡಿ ಪ್ರತಿ ಬಾಂಡಿನಲ್ಲೂ ಒಂದು ಗುಪ್ತ ಸಂಖ್ಯೆ ಕಾಣುತ್ತಿತ್ತು! ಅಂದರೆ ಕೊಟ್ಟವನಿಗೆ ಗೊತ್ತು, ತೆಗೆದುಕೊಂಡವನಿಗೆ ಗೊತ್ತಾಗಬಹುದು, ಸರ್ಕಾರಿ ಬ್ಯಾಂಕಿಗೆ ಗೊತ್ತು. ಗೊತ್ತಿಲ್ಲದವರು ಒಬ್ಬರೇ, ಮತ ಹಾಕುವ ನಿಮ್ಮ ಅಜ್ಜ-ಅಜ್ಜಿ.

ಎಡಿಆರ್ ಎಂಬ ಸಂಸ್ಥೆ ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಸಂಸ್ಥೆಯಿದು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿಯವರು ಮುಂದೆ ನಮ್ಮ ಬೆಂಗಳೂರಿನ ಐಐಎಂನಲ್ಲೂ ಪಾಠ ಹೇಳಿದರು. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಬಾಂಡನ್ನು ರದ್ದು ಮಾಡಿದರು. ಪಕ್ಷಕ್ಕೆ ಹಣ ಕೊಟ್ಟವರಾರು ಎಂದು ತಿಳಿಯುವುದು ಮತದಾರನ ಹಕ್ಕು ಎಂದರು. ಕಂಪನಿ ದೇಣಿಗೆಯ ಮಿತಿ ತೆಗೆದದ್ದೂ ತಪ್ಪೆಂದರು. ವಿವರ ಕೊಡಲು ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿತು. ಕೋರ್ಟು ಒಪ್ಪಲಿಲ್ಲ, ಮರುದಿನವೇ ಕೊಡಿ ಎಂದಿತು.

ಪಟ್ಟಿ ಹೊರಬಂತು. ಅತಿ ಹೆಚ್ಚು ಬಾಂಡ್ ಕೊಂಡದ್ದು ಯಾರು ಗೊತ್ತೆ? ಲಾಟರಿ ವ್ಯಾಪಾರದ ಫ್ಯೂಚರ್ ಗೇಮಿಂಗ್ ಕಂಪನಿ, 1,368 ಕೋಟಿ ರೂಪಾಯಿಗೆ. ನಮ್ಮ ರಾಜ್ಯ 2007ರಲ್ಲೇ ಲಾಟರಿ ನಿಲ್ಲಿಸಿದ್ದು ಹಿರಿಯರಿಗೆ ನೆನಪಿರಬಹುದು. ಅತಿ ಹೆಚ್ಚು ಪಡೆದದ್ದು ಬಿಜೆಪಿ. ಕಾಂಗ್ರೆಸ್, ತೃಣಮೂಲ, ಜೆಡಿಎಸ್ ಕೂಡ ಪಡೆದಿದ್ದವು. ಬಾಂಡ್ ನಮಗೆ ಬೇಡ ಎಂದಿದ್ದ ಪಕ್ಷ ಸಿಪಿಎಂ.

ಅಮೆರಿಕದಲ್ಲೂ ಇದೇ ಜಗಳ. ಅಭ್ಯರ್ಥಿಗೆ ಕಂಪನಿ ಹಣ ಕೊಡಬಾರದೆಂದು 1907ರಲ್ಲೇ ಅಲ್ಲಿ ಕಾನೂನು ಬಂತು. ಆದರೆ ಅಭ್ಯರ್ಥಿಯ ಕೈಗೆ ಕೊಡದೆ, ಪ್ರಚಾರಕ್ಕೆ ತಾವೇ ಎಷ್ಟಾದರೂ ಖರ್ಚು ಮಾಡಬಹುದೆಂದು 2010ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು 5–4ರ ತೀರ್ಪು ಕೊಟ್ಟಿತು. ದಾನಿಗಳ ಹೆಸರು ಹೇಳದ ಸಂಘಗಳ ಮೂಲಕ ಹರಿಯುವ ದುಡ್ಡನ್ನು ಅಲ್ಲಿ ಕತ್ತಲೆ ಹಣ ಎನ್ನುತ್ತಾರೆ.

ನಮ್ಮಲ್ಲಿ ಈಗಲೂ ಕಂಪನಿಗಳು ಪಕ್ಷಗಳಿಗೆ ಕೊಡಬಹುದು. ಆದರೆ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಆ ಪಟ್ಟಿ ಆಯೋಗದ ಜಾಲತಾಣದಲ್ಲಿರುತ್ತದೆ. ರಜೆಯಲ್ಲಿ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಈ ವಾರದ ಲೆಕ್ಕ: 1 ಕೋಟಿಯ ಒಂದು ಬಾಂಡಿಗೆ ಸರಿದೂಗಲು ತಲಾ 1,000 ರೂಪಾಯಿ ಕೊಡುವವರು ಎಷ್ಟು ಮಂದಿ ಬೇಕು? ಉತ್ತರ ಬರೆದು, ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಮತಗಟ್ಟೆಯಲ್ಲಿ ಅಷ್ಟೂ ಮಂದಿಗೆ ಎಷ್ಟು ಮತ, ಆ ಕೋಟಿ ಕೊಟ್ಟವನಿಗೆ ಎಷ್ಟು?