ಕಟ್ಟಿಲ್ಲದ ಕನ್ನಡಿ ಗ್ವಾಡಿಗೆ ಬ್ಯಾಡ

ಈಗ ಯಾರ ಮನಿಗೆ ಹೋದ್ರೂ ಕಟ್ಟಿಲ್ಲದ ಬರೇ ಕನ್ನಡೀನ ಗ್ವಾಡಿಗೆ ಅಂಟಿಸಿರ್ತಾರ. ನೋಡಾಕ ಛಂದ ಕಾಣತೈತಿ, ಖರೆ. ಆದ್ರ ಕಟಗಿ ಕಟ್ಟು ಹಾಕಿದ ಕನ್ನಡೀನ ಬೇಕು ಅನ್ನಾಕಿ ನಾನು. ಹಳೇ ಕಾಲದಾಕಿ ಅಂತ ನಗಬ್ಯಾಡ್ರಿ, ಯಾಕ ಅಂತ ಕೇಳ್ರಿ.

ಮದಲ ತೂಕದ ಮಾತು. ಎರಡು ಫೂಟು ಅಗಲ, ಮೂರು ಫೂಟು ಎತ್ತರ, 4 ಎಂ.ಎಂ. ದಪ್ಪದ ಕನ್ನಡಿ ಸುಮಾರು ಐದೂವರಿ ಕಿಲೋ ತೂಗತೈತಿ. ಅಷ್ಟೂ ಭಾರ ಅಂಟಿನ ಮ್ಯಾಲ, ಆ ಅಂಟು ಗ್ವಾಡಿ ಬಣ್ಣದ ಮ್ಯಾಲ. ಮಳಿಗಾಲದಾಗ ಗ್ವಾಡಿ ಥಂಡಿ ಹಿಡದು ಬಣ್ಣ ಎದ್ರ ಅಂಟು ಎಷ್ಟು ಗಟ್ಟಿ ಇದ್ರೇನು? ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಹಿಂಗ ನಡುರಾತ್ರಿ ಕನ್ನಡಿ ಕಳಚಿ ಬಿತ್ತು. ಹಗಲೊತ್ತು ಅದರ ಕೆಳಗ ಕೂಸಿನ ಮಲಗಸ್ತಿದ್ರು. ಇನ್ನ ಹುಳಿ ವಾಸನಿ ಬರೂ ಸಿಲಿಕಾನ್ ಹಚ್ಚಿದ್ರಂತೂ ಕನ್ನಡಿ ಹಿಂದಿನ ಲೇಪ ಕೆಟ್ಟು ಕರೀ ಕಲೆ ಬೀಳತಾವ.

ಕಟ್ಟಿಗೆ ಹೊಸಾ ಕಟಗಿ ಕೊಳ್ಳೂದು ಬ್ಯಾಡ. ಹಳೇ ಮನಿ ಕೆಡವಿದಾಗ ಬಂದ ಸಾಗವಾನಿ ಬಾಗಲಾ, ಕಿಡಕಿ ಚೌಕಟ್ಟು ಇರ್ತಾವಲ್ಲ, ಗುಜರಿಗೆ ಕೊಡಬ್ಯಾಡ್ರಿ. ವರ್ಷಾನುಗಟ್ಟಲೆ ಒಣಗಿದ ಕಟಗಿ ಅದು, ಲಗೂನ ಸೊಟ್ಟ ಆಗೂದಿಲ್ಲ. ಹುಳ ಹಿಡದೈತೇನು, ಒಳಗ ಮೊಳಿ ಉಳದಾವೇನು ಅಷ್ಟ ನೋಡ್ರಿ.

ಬಡಿಗ್ಯಾರು ಕೆಲಸ ಮಾಡುವಾಗ ಮೂರು ಮಾತು ಹೇಳ್ರಿ. ಕಟ್ಟಿನ ಒಳ ಅಂಚಿಗೆ ಮೆಟ್ಟಲಿನಂಗ ಕೊರದು ಕನ್ನಡಿ ಕೂಡಸ್ಬೇಕು, ಸುತ್ತಲೂ ಎರಡು ಎಂ.ಎಂ. ಜಾಗಾ ಬಿಡಬೇಕು, ಮಳಿಗಾಲದಾಗ ಕಟಗಿ ಉಬ್ಬತೈತಿ. ನಾಕೂ ಮೂಲಿ ಕೂಡಿಸಿದ ಮ್ಯಾಲ ಮೂಲಿಯಿಂದ ಮೂಲಿಗೆ ದಾರ ಹಿಡದು ನೋಡಬೇಕು, ಎರಡೂ ಕಡೆ ಒಂದ ಅಳತಿ ಬಂದ್ರ ಕಟ್ಟು ಸರಿ. ಹಿಂದ ಪ್ಲೈವುಡ್ ಹೊಡದು, ಕೆಳಗಿನ ಎರಡೂ ಮೂಲಿಗೆ ಸಣ್ಣ ಕಟಗಿ ತುಣುಕು ಹಚ್ಚಬೇಕು. ಗ್ವಾಡಿಗೂ ಕಟ್ಟಿಗೂ ನಡುವ ಗಾಳಿ ಆಡತೈತಿ. ಎಲ್ಲಾ ಕೂಡಿ ಹತ್ತು ಕಿಲೋ ಹತ್ರ ಆಗತೈತಿ, ಒಂದ ಮೊಳಿಗೆ ತೂಗಹಾಕಬ್ಯಾಡ್ರಿ. ಎರಡು ಸ್ಕ್ರೂ ಬೇಕ ಬೇಕು.

ಈಗ ಹೆಣ್ಮಕ್ಕಳ ಮಾತು. ಮನ್ಯಾಗ ಕನ್ನಡಿ ಹಾಕೂವಾಗ ಗಂಡಸರು ತಮ್ಮ ಮಾರಿ ಕಂಡ್ರ ಮುಗೀತು ಅಂತಾರ. ನಾವು ತುದಿಗಾಲ ಮ್ಯಾಲ ನಿಂತು ಕುಂಕುಮ ಹಚ್ಚಿಕೋಬೇಕು, ಸೀರಿ ನಿರಿಗಿ ಅಂತೂ ಕಾಣೂದ ಇಲ್ಲ. ಅದಕ್ಕ ಆಳೆತ್ತರದ ಕನ್ನಡಿ ಕೊಳ್ಳಾಕ ಹೋಗ್ತೀವಿ. ಅದೂ ಬ್ಯಾಡ. ಪಿಯುಸಿಯೊಳಗ ಓದಿದ್ದು ಇಲ್ಲಿ ಉಪಯೋಗಕ್ಕ ಬರತೈತಿ: ಅಡಿಯಿಂದ ಮುಡಿತನಕ ಕಾಣಾಕ ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು, ಆದ್ರ ಸರಿಯಾದ ಎತ್ತರಕ್ಕ ಹಾಕಿರಬೇಕು. ಮೂರು ಫೂಟಿನ ಕನ್ನಡಿ ಕೆಳಗಿನ ಅಂಚು ನೆಲದಿಂದ 28 ಇಂಚಿಗೆ ಬಂದ್ರ, ಐದು ಫೂಟಿನ ಸೊಸಿಗೂ ಐದೂವರಿ ಫೂಟಿನ ಮಗಗೂ ಪೂರ್ತಿ ಕಾಣತೈತಿ.

ಖರ್ಚಾಗತೈತಿ ಅಂತೀರಿ. ಬಡಿಗ್ಯಾರ ಕೂಲಿ ಆಗತೈತಿ, ಇಲ್ಲ ಅನ್ನೂದಿಲ್ಲ. ಆದ್ರ ಕಟ್ಟು ಇದ್ದ ಕನ್ನಡಿ ಮನಿ ಬದಲಿ ಮಾಡಿದ್ರೂ ಸಂಗಾಟ ಬರತೈತಿ, ಅಂಟಿಸಿದ್ದು ಕಿತ್ತರ ಚೂರಾಗತೈತಿ. ಸ್ಕ್ರೂ ಹೊಡ್ಯೂ ದಿನ ನೀವ ಗ್ವಾಡಿ ಮುಂದ ನಿಂತು, ಪೆನ್ಸಿಲ್ ತಗೊಂಡು ನಿಮ್ಮ ಕೈಯಾರ ಗುರ್ತು ಹಾಕ್ರಿ.