ಊಟಿಯೋ, ಮಹಾಬಳೇಶ್ವರವೋ?

ಹೋದ ಭಾನುವಾರ ಸಂಜೆ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ದೊಡ್ಡದೊಂದು ಪಂಚಾಯಿತಿ ನಡೆಯಿತು. 1995ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನನ್ನ ವಿದ್ಯಾರ್ಥಿಗಳು ಹದಿನಾಲ್ಕು ಮಂದಿ ಬಂದಿದ್ದರು. ವಾಡಿ, ಶಹಾಬಾದ, ಚಿತ್ತಾಪುರಗಳಿಂದ ಬಂದವರ ಜೊತೆಗೆ ಬೆಂಗಳೂರು, ಹೈದರಾಬಾದುಗಳಿಂದ ರಜೆಗೆ ಬಂದವರೂ ಇದ್ದರು. ಎಲ್ಲರ ತಲೆಯಲ್ಲೂ ಬೆಳ್ಳಿಗೂದಲು ಇಣುಕುತ್ತಿದೆ. ಆದರೂ ಜಗಳ ಮಾತ್ರ ಹತ್ತನೇ ತರಗತಿಯದೇ! ಮನೆಮಂದಿಯನ್ನೆಲ್ಲ ಕರೆದುಕೊಂಡು, ನಮ್ಮಂಥ ನಿವೃತ್ತ ಮಾಸ್ತರರನ್ನೂ ಜೊತೆಗೆ ಹಾಕಿಕೊಂಡು, ಒಟ್ಟಾಗಿ ಒಂದು ಗಿರಿಧಾಮಕ್ಕೆ ಹೋಗಬೇಕೆಂಬುದು ಅವರ ಸಂಕಲ್ಪ. ಅಲ್ಲಿಯವರೆಗೆ ಭಿನ್ನಾಭಿಪ್ರಾಯವಿರಲಿಲ್ಲ. ಎಲ್ಲಿಗೆ ಎಂಬ ಮಾತು ಬಂದಾಗ ಸಭೆ ಎರಡಾಯಿತು. “ಮೇ ತಿಂಗಳಾಗ ಊಟಿ ಬಿಟ್ಟು ಬ್ಯಾರೆ ಮಾತೇ ಬ್ಯಾಡ್ರೀ ಸರ್” ಎಂದಿತು ಒಂದು ಪಕ್ಷ. “ಮಹಾಬಳೇಶ್ವರ ಸನೇ ಆಗ್ತದ, ಖರ್ಚೂ ಕಮ್ಮಿ” ಎಂದಿತು ಇನ್ನೊಂದು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, “ನೀವು ಹೇಳಿದ್ದೇ ಕೊನೀ ಮಾತು” ಎಂದರು. ನಾನು ಚಹಾ ಕುಡಿಯುತ್ತ ಸುಮ್ಮನಿದ್ದೆ. ಎದುರಿಗೆ ಆಡಲಾಗದ ಕೆಲವು ಮಾತುಗಳು ಅದರಲ್ಲಿದ್ದವು. ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳಸುದಾರಿ ಬೇಡ. ನನ್ನ ಮತ ಮಹಾಬಳೇಶ್ವರಕ್ಕೆ. ಅದೂ ಮೇ ತಿಂಗಳಲ್ಲಲ್ಲ, ಜನವರಿಯ ಕೊನೆಯಲ್ಲಿ.

ಮೊದಲು ಊಟಿಯ ಪಕ್ಷಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಿಸುತ್ತೇನೆ. ಊಟಿ ಸುಂದರವಲ್ಲವೆಂದು ಹೇಳುವಷ್ಟು ಅರಸಿಕ ನಾನಲ್ಲ. ಮೆಟ್ಟುಪಾಳಯಂನಿಂದ ಹೊರಡುವ ಪುಟ್ಟ ರೈಲು ಕಲ್ಲಾರು ದಾಟಿದ ಮೇಲೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಕೂನೂರಿನವರೆಗೆ ಏರುವ ಪರಿ ಎಂಜಿನಿಯರಿಂಗ್ ವಿದ್ಯೆಗೊಂದು ಪಾಠ. 1908ರಲ್ಲಿ ಊಟಿಯನ್ನು ತಲುಪಿದ ಆ ಹಾದಿಗೆ 2005ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆತಿದೆ. ಇನ್ನು ಎತ್ತರದ ವಿಷಯ. ಊಟಿ ಸಮುದ್ರಮಟ್ಟದಿಂದ 2240 ಮೀಟರ್ ಎತ್ತರದಲ್ಲಿದೆ. ಮಹಾಬಳೇಶ್ವರ ಸುಮಾರು 1350 ಮೀಟರ್. ನಾನು ತರಗತಿಯಲ್ಲಿ ಹೇಳಿಕೊಟ್ಟದ್ದು ನೆನಪಿದೆಯಲ್ಲವೇ? ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನಮ್ಮ ಸೀಮೆ ನಾನೂರು ಮೀಟರಿನ ಆಸುಪಾಸಿನಲ್ಲಿದೆ. ಎತ್ತರದ ಲೆಕ್ಕವೊಂದನ್ನೇ ಹಿಡಿದರೆ ನಮಗಿಂತ ಊಟಿ ಹನ್ನೊಂದು-ಹನ್ನೆರಡು ಡಿಗ್ರಿ ತಂಪು, ಮಹಾಬಳೇಶ್ವರ ಆರು ಡಿಗ್ರಿ ತಂಪು. ಈ ಲೆಕ್ಕದಲ್ಲಿ ಊಟಿ ಗೆದ್ದಿತು. ಒಪ್ಪಿದೆ.

ಆದರೆ ಆ ತಂಪನ್ನು ಮುಟ್ಟಲು ಎಷ್ಟು ಹೊತ್ತು ಬೇಯಬೇಕೆಂಬ ಲೆಕ್ಕವನ್ನು ಯಾರೂ ಹಾಕಲಿಲ್ಲ. ವಾಡಿಯಿಂದ ಬೆಂಗಳೂರಿಗೆ ಒಂದು ರಾತ್ರಿ. ಅಲ್ಲಿಂದ ಮೈಸೂರು, ಬಂಡೀಪುರಗಳ ಮೂಲಕ ಇಡೀ ಹಗಲು ಬಸ್ಸು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿರುವುದರಿಂದ ತಡವಾದರೆ ಕಾಡಿನ ಈಚೆಗೇ ಉಳಿಯಬೇಕು. ಬರುವಾಗಲೂ ಇದೇ ಹಾದಿ. ಆರು ದಿನದ ಪ್ರವಾಸದಲ್ಲಿ ಮೂರು ದಿನ ದಾರಿಗೇ ಅರ್ಪಣೆ. ಮಹಾಬಳೇಶ್ವರಕ್ಕಾದರೆ ರಾತ್ರಿ ವಾಡಿಯಲ್ಲಿ ರೈಲು ಹತ್ತಿ ಬೆಳಿಗ್ಗೆ ಪುಣೆಯಲ್ಲಿ ಇಳಿಯಬಹುದು. ಅಲ್ಲಿಂದ ಸುಮಾರು ನೂರಾ ಇಪ್ಪತ್ತು ಕಿಲೋಮೀಟರ್. ವಾಯಿ ದಾಟಿ, ಘಾಟು ಏರಿ, ಪಂಚಗಣಿಯಲ್ಲಿ ಚಹಾ ಕುಡಿದು, ಮಧ್ಯಾಹ್ನದ ಊಟದ ಹೊತ್ತಿಗೆ ಬುತ್ತಿ ಬಿಚ್ಚಬಹುದು. ಮನೆಯಲ್ಲಿ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಮುಗಿದಿರುವುದಿಲ್ಲ.

ಮೇ ತಿಂಗಳ ಊಟಿಯ ಅವಸ್ಥೆಯನ್ನಂತೂ ಕೇಳುವುದೇ ಬೇಡ. ವಾಹನಗಳ ಭಾರಕ್ಕೆ ಬೆಟ್ಟವೇ ಕುಸಿಯುವಂತಾಗಿ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಇ-ಪಾಸ್ ಪದ್ಧತಿ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6000, ವಾರಾಂತ್ಯದಲ್ಲಿ 8000 ವಾಹನಗಳೆಂದು ಮಿತಿಯನ್ನೇ ಹಾಕಿದರು. ಬರಬೇಡಿರೆಂದು ಬೆಟ್ಟವೇ ಕೈಮುಗಿದು ಕೇಳಿಕೊಳ್ಳುತ್ತಿರುವಾಗ ಆ ಬಾಗಿಲಲ್ಲೇ ಹೋಗಿ ನಿಲ್ಲಬೇಕೆ? ಮೇ ತಿಂಗಳಲ್ಲಿ ಮಹಾಬಳೇಶ್ವರವೂ ಮುಂಬಯಿ-ಪುಣೆಗಳವರಿಂದ ತುಂಬಿ ತುಳುಕುತ್ತದೆ, ನಿಜ. ಆದ್ದರಿಂದಲೇ ನಾನು ಜನವರಿ ಎಂದದ್ದು.

“ಜನೆವರ್ಯಾಗ ಥಂಡಿ ಊರಿಗಿ ಯಾಕ ಹೋಗಬೇಕ್ರೀ?” ಎಂದು ಒಬ್ಬ ನಕ್ಕ. ಬಿಸಿಲಿಗೆ ಹೆದರಿ ಬೆಟ್ಟ ಹತ್ತುವುದು ಇಂಗ್ಲಿಷ್ ಸಾಹೇಬರ ಕಾರಣವಪ್ಪಾ, ನಮ್ಮದಲ್ಲ! ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಊಟಿ ಮದರಾಸು ಸರ್ಕಾರದ ಬೇಸಿಗೆಯ ಬೀಡಾಯಿತು. ಮುಂಬಯಿಯ ಗವರ್ನರ್ ಜಾನ್ ಮಾಲ್ಕಮ್ ಮಹಾಬಳೇಶ್ವರವನ್ನೂ ಹಾಗೆಯೇ ಬೆಳೆಸಿದ. ಈ ವಿಷಯದಲ್ಲಿ ಎರಡೂ ಒಂದೇ ಅಚ್ಚಿನವು. ಆದರೆ ಮಹಾಬಳೇಶ್ವರಕ್ಕೆ ಸಾಹೇಬರಿಗಿಂತ ಹಳೆಯದಾದ ಇನ್ನೊಂದು ಮುಖವಿದೆ. ಹಳೆಯ ಕ್ಷೇತ್ರದ ಗುಡಿಯಲ್ಲಿ ಕೃಷ್ಣೆ ಹುಟ್ಟುತ್ತಾಳೆ. ಅಲ್ಲಿಂದ ಹೊರಟ ನೀರು ರಾಯಚೂರಿನ ಸೀಮೆಗೆ ಬಂದಾಗ ಅದನ್ನು ಸೇರಿಕೊಳ್ಳುವವಳು ಭೀಮೆ. ಆ ಭೀಮೆಗೆ ಶಹಾಬಾದಿನ ಸೀಮೆಯಲ್ಲಿ ಸೇರುವವಳು ನಮ್ಮ ಕಾಗಿಣಾ. ಸೇಡಂ, ಮಳಖೇಡಗಳ ಪಕ್ಕದಲ್ಲಿ ಹರಿದು, ನೀವೆಲ್ಲ ಶಾಲೆ ತಪ್ಪಿಸಿ ಈಜು ಕಲಿತ ಅದೇ ಕಾಗಿಣಾ. ನಿಮ್ಮ ಮಕ್ಕಳನ್ನು ಆ ಹುಟ್ಟಿನ ಮುಂದೆ ನಿಲ್ಲಿಸಿ, ಈ ನೀರು ಮುಂದೆ ಯಾವ ನೀರನ್ನು ಕೂಡಿಕೊಳ್ಳುತ್ತದೆಂದು ಕೇಳಿರಿ. ಉತ್ತರ ಬಾರದಿದ್ದರೆ ತಪ್ಪು ಮಕ್ಕಳದಲ್ಲ.

ಕಲ್ಲೂ ಅಷ್ಟೆ. ಮಹಾಬಳೇಶ್ವರದ ನೆತ್ತಿಯ ಮೇಲಿರುವುದು ಕೆಂಪು ಜಂಬಿಟ್ಟಿಗೆ. ಅದರ ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾದ ಕಪ್ಪು ಪದರಗಳು. ಬೀದರದ ಪ್ರಸ್ಥಭೂಮಿಯಲ್ಲಿ ಇರುವುದೂ ಇದೇ ಕೆಂಪು ಕಲ್ಲು, ಇದೇ ಕಪ್ಪು ಕಲ್ಲು. ಅಂದರೆ ನೀವು ಪರಸ್ಥಳಕ್ಕೆ ಹೋಗುತ್ತಿಲ್ಲ. ನಮ್ಮ ದಖ್ಖನದ ನೆಲವೇ ಪಡುವಣದಲ್ಲಿ ಎದ್ದು ನಿಂತ ಕಡೆಗೆ ಹೋಗುತ್ತಿದ್ದೀರಿ.

ಚರಿತ್ರೆಯ ಮಾತೂ ಒಂದಿದೆ. ವಿಜಾಪುರದ ಗೋಳಗುಮ್ಮಟ ನೋಡಿದವರಿಗೆ ಅದರ ಕಾಲ ನೆನಪಿರಬೇಕು. ಅದರ ಕೆಲಸ ಮುಗಿದದ್ದು 1656ರಲ್ಲಿ. ಮಹಾಬಳೇಶ್ವರದಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನಲ್ಲಿರುವ ಪ್ರತಾಪಗಡವನ್ನು ಕಟ್ಟಿದ್ದೂ ಅದೇ ವರ್ಷ. ಮೂರು ವರ್ಷಗಳ ನಂತರ ವಿಜಾಪುರದಿಂದ ಹೊರಟ ಅಫ್ಜಲಖಾನನು ವಾಯಿಯಲ್ಲಿ ಬೀಡುಬಿಟ್ಟು, 1659ರ ನವೆಂಬರ್ 10ರಂದು ಆ ಕೋಟೆಯ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಹತನಾದನು. ಗುಮ್ಮಟದ ಕೆಳಗೆ ನಿಂತು ನಾನು ಅರ್ಧಕ್ಕೆ ನಿಲ್ಲಿಸಿದ ಪಾಠದ ಉಳಿದರ್ಧ ಪ್ರತಾಪಗಡದಲ್ಲಿದೆ. ಮಾಸ್ತರನಾಗಿ ಅದನ್ನು ಮುಗಿಸುವ ಸ್ವಾರ್ಥವೂ ನನಗಿದೆ, ಮುಚ್ಚಿಡುವುದಿಲ್ಲ.

ಆ ವಿಜಾಪುರದ ಪ್ರವಾಸವೇ ಈ ಬರಹಕ್ಕೆ ನಿಜವಾದ ಕಾರಣ.

1994ರ ಡಿಸೆಂಬರಿನಲ್ಲಿ ನಿಮ್ಮ ತರಗತಿಯನ್ನು ವಿಜಾಪುರ, ಬಾದಾಮಿ, ಐಹೊಳೆಗೆ ಕರೆದೊಯ್ದೆ. ತಲೆಗೆ ಇನ್ನೂರ ಇಪ್ಪತ್ತೈದು ರೂಪಾಯಿ. ಆ ಮೊತ್ತ ನಿಗದಿ ಮಾಡಿದವನು ನಾನೇ. ಹೆಚ್ಚೆಂದು ನನಗೆ ಅನ್ನಿಸಿರಲಿಲ್ಲ. ಐವತ್ತೊಂದು ಮಕ್ಕಳಲ್ಲಿ ನಲವತ್ತು ಮಂದಿ ಬಂದರು. ಉಳಿದ ಹನ್ನೊಂದು ಹೆಸರುಗಳ ಮುಂದೆ ಪಟ್ಟಿಯಲ್ಲಿ “ಇಚ್ಛೆ ಇಲ್ಲ” ಎಂದು ನನ್ನ ಕೈಯಾರೆ ಬರೆದೆ. ಅವರಲ್ಲೊಬ್ಬ ಶಹಾಬಾದಿನ ಕಡೆಯ ಹುಡುಗ. ಅವನ ತಂದೆ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಹೊರುತ್ತಿದ್ದರು. ಕೇಳಿದಾಗ ಅವನು, “ನಮ್ಮವ್ವಗ ಆರಾಮಿಲ್ರೀ ಸರ್” ಎಂದ. ನಂಬಿದೆ. ತಿರುಗಿ ಬಂದ ಮೇಲೆ ಕಿರುಪರೀಕ್ಷೆಯಲ್ಲಿ, “ಪ್ರವಾಸದಲ್ಲಿ ನೀವು ಕಂಡ ಸ್ಮಾರಕಗಳನ್ನು ಕುರಿತು ಬರೆಯಿರಿ” ಎಂದು ಹತ್ತು ಅಂಕದ ಪ್ರಶ್ನೆ ಕೊಟ್ಟೆ. ಐವತ್ತೊಂದೂ ಮಕ್ಕಳಿಗೆ! ಆ ಹುಡುಗ ಗುಮ್ಮಟದ ಮೇಲೇರಿದ್ದನ್ನೂ, ಪಿಸುಮಾತು ಆಚೆ ಗೋಡೆಗೆ ಕೇಳಿಸಿದ್ದನ್ನೂ, ಬಾದಾಮಿಯ ಕೆರೆಯ ಕಪಿಗಳನ್ನೂ ಸೊಗಸಾಗಿ ಬರೆದಿದ್ದ. ಹತ್ತಕ್ಕೆ ಎಂಟು ಅಂಕ ಹಾಕಿ, ಉತ್ತರಪತ್ರಿಕೆ ಮಡಿಸುವಾಗ ಹೆಸರು ನೋಡಿದೆ. ಅವನು ಬಂದೇ ಇರಲಿಲ್ಲ. ಬಂದವರ ಬಾಯಿಂದ ಕೇಳಿ ಬರೆದಿದ್ದ. ನಾನು ಅವನನ್ನು ಕರೆದು ಒಂದು ಮಾತನ್ನೂ ಆಡಲಿಲ್ಲ. ಏನು ಹೇಳಬೇಕೆಂದು ತಿಳಿಯಲಿಲ್ಲ. ಬಿ.ಎಡ್. ಓದುವಾಗ ಮಗುವಿನ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು ನಾನು.

ಈಗ ಭಾನುವಾರದ ಸಭೆಗೆ ಬನ್ನಿ. ಊಟಿಯ ಖರ್ಚು ತಲೆಗೆ ಹದಿನಾರು ಸಾವಿರವೆಂದು ಒಬ್ಬ ಲೆಕ್ಕ ಕೊಟ್ಟ. ಊರಲ್ಲೇ ಉಳಿದವರಲ್ಲಿ ಮೂವರು “ಮನ್ಯಾಗ ಕೆಲಸ ಅದ” ಎಂದು ಈಗಾಗಲೇ ಹೇಳಿ ಕಳುಹಿಸಿದ್ದಾರೆಂಬ ಸುದ್ದಿಯೂ ಬಂತು. “ಹಂಗಾದ್ರ ಅವರದ ಬಿಡ್ರಿ, ಇಚ್ಛೆ ಇಲ್ಲೇನೋ” ಎಂದ ಇನ್ನೊಬ್ಬ. ನಾನು ಬರೆದ ಆ ಎರಡು ಶಬ್ದಗಳೇ! ಆ ಮೂವರಲ್ಲಿ ಅಂದಿನ ಆ ಹುಡುಗನೂ ಒಬ್ಬನೆಂದು ತಿಳಿದಾಗ ನನ್ನ ಚಹಾ ಆರಿಹೋಗಿತ್ತು.

ಬೆಂಗಳೂರಿನಿಂದ ಬಂದವನು ಒಳ್ಳೆಯ ಮನಸ್ಸಿನಿಂದ, “ಅವರ ಖರ್ಚು ನಾವು ನಾಕು ಮಂದಿ ಹಾಕ್ಕೋತೀವಿ ಸರ್” ಎಂದ. ಅವನ ಔದಾರ್ಯದ ಮೇಲೆ ನನಗೆ ಸಂದೇಹವಿಲ್ಲ. ಆದರೂ ಈ ವಾದವನ್ನೇ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ವಿರೋಧಿಸುತ್ತೇನೆ. ಮೊದಲನೆಯದಾಗಿ, ಟಿಕೇಟಿನ ಹಣವಷ್ಟೇ ಖರ್ಚಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಗೆ ಹೋಗುವವನಿಗೆ, ಕಲ್ಲು ಪಾಲಿಶ್ ಮಾಡುವವನಿಗೆ ಆರು ದಿನದ ರಜೆಯೆಂದರೆ ಆರು ದಿನದ ಕೂಲಿ ಹೋಯಿತು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ಹನ್ನೆರಡು ಕೂಲಿ. ಅದನ್ನು ಯಾರು ತುಂಬುತ್ತೀರಿ? ತುಂಬಿದರೂ ಅವರು ತೆಗೆದುಕೊಂಡಾರೆಯೇ? ಎರಡನೆಯದಾಗಿ, ಕೊಟ್ಟವನು ಕೊಟ್ಟ ಮರುದಿನವೇ ಮರೆಯುತ್ತಾನೆ; ತೆಗೆದುಕೊಂಡವನು ಆ ಬಸ್ಸಿನಲ್ಲಿ ಆರು ದಿನ ಕೂರಬೇಕು. ಹೆಂಡತಿ ಮಕ್ಕಳ ಎದುರಿಗೆ, ಒಂದು ಕಾಲಕ್ಕೆ ಒಂದೇ ಬೆಂಚಿನ ಮೇಲೆ ಕೂತವನ ಋಣದಲ್ಲಿ ಚಹಾ ಕುಡಿಯಬೇಕು. ಹಾಗಾಗಿ ಅವನು “ಮನ್ಯಾಗ ಕೆಲಸ ಅದ” ಎನ್ನುತ್ತಾನೆ. ನಾನಾಗಿದ್ದರೂ ಹಾಗೆಯೇ ಅನ್ನುತ್ತಿದ್ದೆ. ಮಹಾಬಳೇಶ್ವರವಾದರೆ ರೈಲಿನ ಸ್ಲೀಪರ್ ಡಬ್ಬಿ, ಪುಣೆಯಿಂದ ಎಸ್.ಟಿ. ಬಸ್ಸು, ಎರಡು ರಾತ್ರಿಯ ವಸತಿ; ಪ್ರತಿಯೊಬ್ಬನೂ ತನ್ನ ಪಾಲನ್ನು ತಾನೇ ಕೊಡಬಹುದು. ಜನವರಿಯ ಕೊನೆಗೆ ತೊಗರಿ ಮಾರಿ ರೈತನ ಕೈಯಲ್ಲೂ ನಾಲ್ಕು ಕಾಸಿರುತ್ತದೆ, ಬಿಳಿಜೋಳದ ಕೊಯ್ಲು ಇನ್ನೂ ಬಂದಿರುವುದಿಲ್ಲ. ಗಣರಾಜ್ಯೋತ್ಸವದ ರಜೆಗೆ ಹೊಂದಿಸಿಕೊಂಡರೆ ಕೂಲಿಯೂ ಹೆಚ್ಚು ಹೋಗುವುದಿಲ್ಲ. ಮಕ್ಕಳಿಗೆ ಸ್ಟ್ರಾಬೆರಿಯ ಹಂಗಾಮು ಬೇರೆ. ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಿಗೆ ಜನವರಿ ತೊಂದರೆಯೇ, ಅದನ್ನು ಒಪ್ಪುತ್ತೇನೆ. ಆದರೆ ಅವರು ಮೂರು ದಿನ ಓದು ಬಿಟ್ಟರೆ ಆಗುವ ನಷ್ಟಕ್ಕಿಂತ ದೊಡ್ಡ ನಷ್ಟವನ್ನು ನಾನು ಕಂಡಿದ್ದೇನೆ.

“ಹಂಗಾದ್ರ ನಮ್ಮ ಚಿಂಚೋಳಿಗೇ ಹೋಗೋಣಲ್ಲ, ಖರ್ಚೇ ಇಲ್ಲ” ಎಂಬ ಮೂರನೆಯ ಸಲಹೆಯೂ ಬಂದಿತ್ತು. ಕುಂಚಾವರಂ ಕಾಡಿನ ಬಗ್ಗೆ ನನಗಿರುವ ಅಭಿಮಾನ ನಿಮಗೆಲ್ಲ ಗೊತ್ತು. ಚಂದ್ರಂಪಳ್ಳಿಯ ನೀರು, ಗೊಟ್ಟಂಗೊಟ್ಟದ ಗುಡ್ಡ, ಮಳೆಗಾಲದ ಎತ್ತಿಪೋತೆ. ಇವನ್ನು ನೋಡದೆ ಊಟಿಯ ಮಾತಾಡುವವರನ್ನು ನಾನು ಅನೇಕ ಸಲ ಬೈದಿದ್ದೇನೆ. ಆದರೆ ಅದು 2011ರಲ್ಲಿ ಘೋಷಣೆಯಾದ, 134.88 ಚದರ ಕಿಲೋಮೀಟರಿನ ವನ್ಯಜೀವಿ ಧಾಮ. ತೋಳ, ಕತ್ತೆಕಿರುಬಗಳಿಗೆ ನಮ್ಮ ಸೀಮೆಯಲ್ಲಿ ಉಳಿದಿರುವ ಆಸರೆ ಅದು. ಅರವತ್ತು ಜನ, ಒಲೆ, ಹಂಡೆ, ಧ್ವನಿವರ್ಧಕ ಹೊತ್ತು ಅಲ್ಲಿಗೆ ಹೋಗುವುದನ್ನು ನಾನು ಒಪ್ಪಲಾರೆ. ಮಳೆ ಬಿದ್ದ ಮೇಲೆ ನಾಲ್ಕೈದು ಮಂದಿ ಬನ್ನಿ. ಒಂದು ಹಗಲು ಸದ್ದಿಲ್ಲದೆ ನಡೆದು, ಸಂಜೆಗೆ ತಿರುಗಿ ಬರೋಣ. ಅದನ್ನು ಈ ಪ್ರವಾಸಕ್ಕೆ ಬದಲಿಯೆಂದು ಎಣಿಸಬೇಡಿ.

ಇಷ್ಟು ನನ್ನ ವಾದ. ಇದರಲ್ಲಿ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ. ನಿಮ್ಮಲ್ಲಿ ಊಟಿಯನ್ನೇ ಕಾಣಬೇಕೆಂಬ ಹಂಬಲವುಳ್ಳವರು ನಿಮ್ಮ ನಿಮ್ಮ ಸಂಸಾರದೊಡನೆ ಧಾರಾಳವಾಗಿ ಹೋಗಿ ಬನ್ನಿ, ಪುಟ್ಟ ರೈಲಿನ ಚಿತ್ರಗಳನ್ನು ನನಗೂ ತೋರಿಸಿ. ಆದರೆ “1995ರ ತರಗತಿ” ಎಂಬ ಹೆಸರಿನಲ್ಲಿ ಹೋಗುವುದಾದರೆ ಆ ಹಾಜರಿ ಪುಸ್ತಕದಲ್ಲಿರುವ ಹೆಸರುಗಳನ್ನೆಲ್ಲ ಕೂಗಬೇಕು.

ಟಿಕೇಟು ತೆಗೆಸುವ ಮುನ್ನ ನಿಮ್ಮಲ್ಲಿ ಇಬ್ಬರು ಆ ಮೂವರ ಮನೆಗೆ ಹೋಗಿ ಬನ್ನಿ. ಫೋನು ಬೇಡ, ಹೋಗಿಯೇ ಬನ್ನಿ. “ಬರ್ತೀಯೇನು?” ಎಂದು ಕೇಳಬೇಡಿ, “ಯಾವ ತಾರೀಖು ಇಡೋಣ?” ಎಂದು ಕೇಳಿ. ಶಹಾಬಾದಿಗೆ ಹೋಗುವ ದಿನ ನನಗೂ ತಿಳಿಸಿ, ನಾನೂ ಬರುತ್ತೇನೆ. ಮೂವತ್ತು ವರ್ಷಗಳ ಹಿಂದೆ ಅವನೊಡನೆ ಆಡಬೇಕಾಗಿದ್ದ ಮಾತೊಂದು ಹಾಗೆಯೇ ಉಳಿದಿದೆ.