ಶಾಲು ಮೊದಲು, ಕೆಲಸ ಆಮೇಲೆ

ನಮ್ಮ ಕಡೆ ಚುನಾವಣೆಯ ಫಲಿತಾಂಶ ಬಂದ ಮರುದಿನದಿಂದ ಶಾಲಿನ ವ್ಯಾಪಾರ ಜೋರು. ಗೆದ್ದವರು ಇನ್ನೂ ಪ್ರಮಾಣವಚನ ತೆಗೆದುಕೊಂಡಿರುವುದಿಲ್ಲ, ಆಗಲೇ ಯುವಕ ಮಂಡಲ, ಕ್ರೀಡಾ ಸಂಘ, ಜಾತಿ ಸಂಘ, ಬ್ರಹ್ಮಕಲಶೋತ್ಸವ ಸಮಿತಿ ಎಲ್ಲರೂ ಸನ್ಮಾನಕ್ಕೆ ದಿನ ಕೇಳಿ ಆಗಿರುತ್ತದೆ. ಒಂದು ಪೇಟ, ಒಂದು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಕೊನೆಗೆ ಸನ್ಮಾನ ಪತ್ರ. ಆ ಪತ್ರ ಓದುವಾಗ ಒಮ್ಮೆ ಗಮನವಿಟ್ಟು ಕೇಳಿ. ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಇನ್ನೂ ಏನೇನೋ.. ಗೆದ್ದು ಹತ್ತು ದಿನ ಆಗಿದೆಯಷ್ಟೇ ಮಾರಾಯ್ರೆ, ಒಂದು ಮೋರಿ ಕೂಡ ರಿಪೇರಿ ಆಗಿಲ್ಲ! ಆದರೂ ನಾವು ಚಪ್ಪಾಳೆ ತಟ್ಟುತ್ತೇವೆ. ಯಾಕೆಂದರೆ ಅದು ಸನ್ಮಾನ ಅಲ್ಲ, ಅರ್ಜಿ ಎಂದು ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು.

ಬರಾಕ್ ಒಬಾಮಾಗೆ 2009ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿದ್ದರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಈ ಶಾಲೇ ನೆನಪಾಗುತ್ತದೆ. ಹಳೇ ಕತೆ ಈಗ ಯಾಕೆ ಅಂತೀರಾ? 2025ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್ ತನಗೂ ಆ ಪ್ರಶಸ್ತಿ ಬರಬೇಕು ಎಂದು ಓಪನ್ನಾಗಿಯೇ ಹೇಳುತ್ತಿದ್ದರಲ್ಲ, ಆಗ ಅವರು ಎತ್ತಿದ ಮಾತೂ ಇದೇ. ಒಬಾಮಾ ಏನೂ ಮಾಡದೆ ಪಡೆದರು, ನಾನು ಇಷ್ಟೆಲ್ಲ ಮಾಡಿದ್ದೇನೆ ಎಂದು. ಆ ವರ್ಷದ ಪ್ರಶಸ್ತಿ ವೆನೆಜುವೆಲಾದ ಮರಿಯಾ ಕೊರಿನಾ ಮಚಾಡೋಗೆ ಹೋಯಿತು, ಅದು ಬೇರೆ ವಿಷಯ. ಟ್ರಂಪ್ ಹೇಳುವುದನ್ನೆಲ್ಲ ಒಪ್ಪುವ ಪೈಕಿ ನಾನಲ್ಲ. ಆದರೆ ವಾಕ್ಯದ ಮೊದಲರ್ಧಕ್ಕೆ ಉತ್ತರ ಕೊಡುವುದು ಕಷ್ಟ. ಉತ್ತರ ಕೊಡುವುದು ಕಷ್ಟ ಆಗುವಂತೆ ಮಾಡಿದವರು ಓಸ್ಲೋದ ಐದು ಮಂದಿ.

ತಾರೀಕುಗಳನ್ನೇ ನೋಡಿ. ಒಬಾಮಾ ಅಧಿಕಾರ ವಹಿಸಿಕೊಂಡದ್ದು 2009ರ ಜನವರಿ 20. ಆ ವರ್ಷದ ಪ್ರಶಸ್ತಿಗೆ ಹೆಸರು ಸೂಚಿಸಲು ಕೊನೆಯ ದಿನ ಫೆಬ್ರವರಿ 1. ನಡುವೆ ಹನ್ನೆರಡು ದಿನ. ಪ್ರಶಸ್ತಿ ಘೋಷಣೆ ಆದದ್ದು ಅಕ್ಟೋಬರ್ 9, ಅಂದರೆ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಆಲ್ಫ್ರೆಡ್ ನೊಬೆಲ್ 1895ರ ತನ್ನ ಉಯಿಲಿನಲ್ಲಿ ಹಿಂದಿನ ವರ್ಷ ಮನುಕುಲಕ್ಕೆ ಅತಿ ಹೆಚ್ಚು ಉಪಕಾರ ಮಾಡಿದವರಿಗೆ ಕೊಡಿ ಎಂದು ಬರೆದಿದ್ದ. ಶಾಂತಿಯ ವಿಷಯದಲ್ಲಿ ಏನು ಉಪಕಾರ ಎನ್ನುವುದನ್ನೂ ಹೇಳಿದ್ದ: ದೇಶಗಳ ನಡುವೆ ಸೋದರಭಾವ ಬೆಳೆಸುವುದು, ಸೇನೆಗಳನ್ನು ಇಲ್ಲವಾಗಿಸುವುದು ಅಥವಾ ಕಡಿಮೆ ಮಾಡುವುದು, ಶಾಂತಿ ಸಮ್ಮೇಳನ ನಡೆಸುವುದು. 'ಹಿಂದಿನ ವರ್ಷ' ಎನ್ನುವುದನ್ನು ಸಮಿತಿ ಅಕ್ಷರಶಃ ಪಾಲಿಸುತ್ತಾ ಬಂದಿಲ್ಲ, ಸರಿಯೇ. ಆದರೂ ಒಬಾಮಾರ 'ಹಿಂದಿನ ವರ್ಷ' ಅಂದರೆ 2008. ಆ ವರ್ಷ ಅವರು ಮಾಡಿದ್ದು ಚುನಾವಣಾ ಪ್ರಚಾರ!

ಅವರ ಪರವಾಗಿ ಹೇಳುವುದು ಏನೂ ಇರಲಿಲ್ಲ ಎಂದಲ್ಲ. ಏಪ್ರಿಲ್ 5ರಂದು ಪ್ರಾಗ್‌ನಲ್ಲಿ ಅಣ್ವಸ್ತ್ರ ಇಲ್ಲದ ಜಗತ್ತಿನ ಬಗ್ಗೆ ಮಾತಾಡಿದರು. ಜೂನ್ 4ರಂದು ಕೈರೋದಲ್ಲಿ ಮುಸ್ಲಿಂ ಜಗತ್ತಿನ ಜತೆ ಹೊಸ ಸಂಬಂಧದ ಮಾತಾಡಿದರು. ಅಧಿಕಾರಕ್ಕೆ ಬಂದ ಎರಡೇ ದಿನದಲ್ಲಿ ಗ್ವಾಂಟನಾಮೋ ಸೆರೆಮನೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಬುಷ್ ಕಾಲದ ಎಂಟು ವರ್ಷ ನೋಡಿದವರಿಗೆ ಆ ಭಾಷಣಗಳು ಹೇಗಿದ್ದವು ಎಂದರೆ, ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಕರೆಂಟು ಹೋಗಿ ಬಂದು ಫ್ಯಾನು ತಿರುಗಿದ ಹಾಗೆ. ಸಮಿತಿಗೂ ಹಾಗೇ ಅನಿಸಿರಬೇಕು. ಆದರೆ ಮೂರೂ ಸೇರಿಸಿದರೆ ಆಗುವುದು ಎರಡು ಭಾಷಣ, ಒಂದು ಆದೇಶ. ಆ ಸೆರೆಮನೆಯನ್ನು ಅವರು ಎಂಟು ವರ್ಷ ಅಧ್ಯಕ್ಷರಾಗಿದ್ದೂ ಮುಚ್ಚಿಸಲಾಗಲಿಲ್ಲ.

ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಣಗಳು ಗಂತಿನಲ್ಲಿ ನಿಂತಾಗ ಎಷ್ಟೇ ಚಂದ ಕಾಣಲಿ, ಬೆನ್ನಿನ ಹೊಳಪು, ಕೊಂಬಿನ ಠೀವಿ, ಯಜಮಾನರ ಮುಂಡಾಸು ಎಲ್ಲ ಇರಲಿ, ಚಿನ್ನ ಕೊಡುವುದು ಕರೆ ಓಡಿ ಮಂಜೊಟ್ಟಿ ಮುಟ್ಟಿದ ಮೇಲೆ. ಗಂತಿನಲ್ಲೇ ಪವನು ಕೊಟ್ಟರೆ ಮತ್ತೆ ಓಡುವುದು ಯಾಕೆ?

ಇಲ್ಲಿ ಕೆಲವರು ಹೇಳುತ್ತಾರೆ, ಪ್ರೋತ್ಸಾಹಕ್ಕೆ ಕೊಟ್ಟರೆ ತಪ್ಪೇನು ಎಂದು. ನ್ಯಾಯವಾದ ಪ್ರಶ್ನೆ. ಪ್ರೋತ್ಸಾಹಕ್ಕೆ ಕೊಟ್ಟ ನೊಬೆಲ್‌ಗಳು ಇವೆ, ಅವುಗಳಲ್ಲಿ ಕೆಲವು ತುಂಬ ಒಳ್ಳೆಯವು. ಕಾರ್ಲ್ ಫಾನ್ ಒಸಿಯೆಟ್‌ಸ್ಕಿ ಎಂಬ ಜರ್ಮನ್ ಪತ್ರಕರ್ತ ಹಿಟ್ಲರನ ಸೆರೆಯಲ್ಲಿ ಕ್ಷಯರೋಗದಿಂದ ನರಳುತ್ತಿದ್ದಾಗ ಅವನಿಗೆ 1935ರ ಪ್ರಶಸ್ತಿ ಕೊಟ್ಟರು. 2014ರಲ್ಲಿ ನಮ್ಮ ಕೈಲಾಶ್ ಸತ್ಯಾರ್ಥಿಯವರ ಜತೆ ಹಂಚಿಕೊಂಡ ಮಲಾಲಾಗೆ ಆಗ ಹದಿನೇಳು ವರ್ಷ. ಇಂಥವರಿಗೆ ಪ್ರಶಸ್ತಿ ಒಂದು ಕೊಡೆ ಇದ್ದ ಹಾಗೆ. ಮಳೆಯಲ್ಲಿ ನಿಂತವರಿಗೆ ಕೊಡೆ ಕೊಡುವುದು ಸರಿ. ಆದರೆ ಜಗತ್ತಿನ ಅತಿ ಬಲಿಷ್ಠ ಸೇನೆಯ ದಂಡನಾಯಕನಿಗೆ ಯಾವ ಪ್ರೋತ್ಸಾಹ ಬೇಕು? ಯುದ್ಧ ನಿಲ್ಲಿಸಬೇಕು ಅನಿಸಿದರೆ ಸಹಿ ಹಾಕುವ ಪೆನ್ನು ಅವನ ಕಿಸೆಯಲ್ಲೇ ಉಂಟು.

ಆ ಪೆನ್ನಿನಿಂದ ಆದದ್ದೇನು? 2009ರ ಡಿಸೆಂಬರ್ 1ರಂದು ಒಬಾಮಾ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳುಹಿಸುವುದಾಗಿ ಘೋಷಿಸಿದರು. ಒಂಬತ್ತು ದಿನ ಕಳೆದು, ಡಿಸೆಂಬರ್ 10ಕ್ಕೆ, ಓಸ್ಲೋದಲ್ಲಿ ಶಾಂತಿ ಪದಕ ತೆಗೆದುಕೊಂಡರು. ಆ ದಿನದ ಭಾಷಣವನ್ನು ಹುಡುಕಿ ಓದಿ, ಓದುವಂಥದ್ದೇ. ಬೇರೆ ಯಾರಾದರೂ ಆಗಿದ್ದರೆ ಪಾರಿವಾಳ, ಆಲಿವ್ ಎಲೆ ಎಂದು ಹೇಳಿ ಮುಗಿಸುತ್ತಿದ್ದರು. ಇವರು ಯುದ್ಧ ಕೆಲವೊಮ್ಮೆ ಅಗತ್ಯ ಎಂದು ಶಾಂತಿ ವೇದಿಕೆಯಲ್ಲೇ ನಿಂತು ವಾದಿಸಿದರು. ಗಾಂಧಿ ಮತ್ತು ಮಾರ್ಟಿನ್ ಲೂಥರ್ ಕಿಂಗ್‌ರ ದಾರಿಯನ್ನು ಹೊಗಳಿ, ದೇಶ ಕಾಯುವ ಹೊಣೆ ಹೊತ್ತ ನಾನು ಅವರ ಮಾದರಿಯೊಂದನ್ನೇ ಹಿಡಿದು ನಡೆಯಲಾರೆ ಎಂದರು. ಮಾಡಿದ ಕೆಲಸ ಸಣ್ಣದು ಎಂದು ತಾವೇ ಒಪ್ಪಿಕೊಂಡರು. ಆ ಮನುಷ್ಯನ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಆದರೆ ಪ್ರಶಸ್ತಿ ಸ್ವೀಕರಿಸುವ ಭಾಷಣವೇ ಪ್ರಶಸ್ತಿಗೆ ಎದುರು ವಾದದಂತೆ ಇದ್ದರೆ ಕೊಟ್ಟವರು ಏನು ತಿಳಿಯಬೇಕು?

ಗಾಂಧಿಯ ಹೆಸರು ಬಂತಲ್ಲ.. ಒಬಾಮಾ ಸೆನೆಟರ್ ಆಗಿದ್ದಾಗ ತಮ್ಮ ಕಚೇರಿಯಲ್ಲಿ ಗಾಂಧೀಜಿಯ ಚಿತ್ರ ಹಾಕಿಕೊಂಡಿದ್ದರು. ಆ ಗಾಂಧೀಜಿಯ ಹೆಸರು 1937, 38, 39ರಲ್ಲಿ, ಮತ್ತೆ 1947ರಲ್ಲಿ, ಕೊನೆಗೆ 1948ರಲ್ಲಿ ನೊಬೆಲ್‌ಗೆ ಸೂಚಿತವಾಗಿತ್ತು. ಐದು ಸಲವೂ ಸಿಗಲಿಲ್ಲ. 1948ರಲ್ಲಿ ಬದುಕಿರುವವರಲ್ಲಿ ತಕ್ಕವರು ಯಾರೂ ಇಲ್ಲ ಎಂದು ಹೇಳಿ ಪ್ರಶಸ್ತಿಯನ್ನೇ ಕೊಡದೆ ಬಿಟ್ಟರು. ಐವತ್ತು ವರ್ಷದ ಕೆಲಸಕ್ಕೆ ಏನೂ ಇಲ್ಲ, ಒಂಬತ್ತು ತಿಂಗಳ ಮಾತಿಗೆ ಪದಕ! ಗಾಂಧೀಜಿಗೆ ಅದರಿಂದ ಕಡಿಮೆಯಾದದ್ದು ಏನೂ ಇಲ್ಲ ಎನ್ನುವುದೂ ನಿಜ. ನಮ್ಮ ಊರಿನ ಕಾರ್ನಾಡ್ ಸದಾಶಿವ ರಾಯರು ಇದ್ದ ಆಸ್ತಿಯನ್ನೆಲ್ಲ ಸ್ವಾತಂತ್ರ್ಯ ಚಳವಳಿಗೆ ಸುರಿದು 1937ರಲ್ಲಿ ತೀರಿಕೊಂಡರು. ಅವರಿಗೆ ಸಿಕ್ಕಿದ್ದು ಹಂಪನಕಟ್ಟೆ ಪಕ್ಕದ ಒಂದು ರಸ್ತೆಗೆ ಹೆಸರು. ಅದನ್ನೂ ನಾವು ಕೆ.ಎಸ್. ರಾವ್ ರೋಡ್ ಎಂದು ಚುಟುಕು ಮಾಡಿ, ಕೆ.ಎಸ್. ಅಂದರೆ ಯಾರು ಎಂದು ಮರೆತು, ಪಾರ್ಕಿಂಗ್ ಸಿಗಲಿಲ್ಲ ಎಂದು ಬೈಯುತ್ತಾ ತಿರುಗುತ್ತೇವೆ.

ಮಂಗಳೂರಿನಲ್ಲಿ ಪ್ರಶಸ್ತಿ ಎಂದರೆ ಹರೇಕಳ ಹಾಜಬ್ಬರನ್ನು ಹೇಳದೆ ಮುಂದೆ ಹೋಗುವುದು ಹೇಗೆ? ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಉತ್ತರ ಹೇಳಲಾಗದೆ, ನನ್ನ ಊರಿನ ಮಕ್ಕಳಿಗೆ ಹೀಗಾಗಬಾರದು ಎಂದು ಹೊರಟವರು. ನ್ಯೂಪಡ್ಪುವಿನಲ್ಲಿ ಮದ್ರಸಾದ ಒಂದು ಕೋಣೆಯಲ್ಲಿ ಶುರುವಾದ ಶಾಲೆ ಹೈಸ್ಕೂಲು ಆಗುವ ತನಕ ಎಷ್ಟು ಕಚೇರಿ ಅಲೆದರೋ ಅವರಿಗೇ ಗೊತ್ತು. ಪದ್ಮಶ್ರೀ ಘೋಷಣೆ ಆದದ್ದು 2020ರ ಜನವರಿಯಲ್ಲಿ. ಫೋನು ಬಂದಾಗ ಅವರು ರೇಷನ್ ಅಂಗಡಿಯ ಕ್ಯೂನಲ್ಲಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದುಹೋದರು. ಪ್ರಶಸ್ತಿ ಬಂದ ಮೇಲೂ ಅವರು ಕೇಳಿದ್ದು ಊರಿಗೊಂದು ಪಿಯು ಕಾಲೇಜು. ಪ್ರಶಸ್ತಿಯಿಂದ ಹಾಜಬ್ಬರ ಬೆಲೆ ಹೆಚ್ಚಾಯಿತು ಎನ್ನುವುದಕ್ಕಿಂತ ಹಾಜಬ್ಬರಿಂದ ಪದ್ಮಶ್ರೀಯ ಬೆಲೆ ಹೆಚ್ಚಾಯಿತು ಎಂದರೇ ಸರಿ.

ಹಾಜಬ್ಬರಿಗೂ ಒಬಾಮಾಗೂ ಎಲ್ಲಿಂದೆಲ್ಲಿಯ ಹೋಲಿಕೆ ಎನ್ನಬಹುದು. ಒಬ್ಬರದು ಒಂದು ಶಾಲೆ, ಇನ್ನೊಬ್ಬರದು ಒಂದು ಮಹಾದೇಶ, ಸಂಸತ್ತು, ಸೇನೆ, ಸಾವಿರ ಕಟ್ಟುಪಾಡು. ಸರಿ, ಹಾಗಾದರೆ ನಾಯಕರನ್ನು ನಾಯಕರ ಜತೆಗೇ ಹೋಲಿಸೋಣ. ಪಶ್ಚಿಮ ಜರ್ಮನಿಯ ವಿಲ್ಲಿ ಬ್ರಾಂಟ್ 1969ರಲ್ಲಿ ಚಾನ್ಸೆಲರ್ ಆದರು, 1971ರಲ್ಲಿ ಪ್ರಶಸ್ತಿ ಪಡೆದರು. ಅವರೂ ಹೊಸಬರೇ. ಆದರೆ ನಡುವಿನ ವರ್ಷದಲ್ಲಿ ಮಾಸ್ಕೋ ಜತೆ ಒಪ್ಪಂದ ಆಗಿತ್ತು, ಪೋಲೆಂಡಿನ ಜತೆ ಒಪ್ಪಂದ ಆಗಿತ್ತು, ವಾರ್ಸಾದಲ್ಲಿ ಅವರು ಯಹೂದಿಗಳ ಸ್ಮಾರಕದ ಎದುರು ಮೊಣಕಾಲೂರಿ ಆಗಿತ್ತು. ದಕ್ಷಿಣ ಕೊರಿಯಾದ ಕಿಮ್ ಡೇ ಜುಂಗ್ 1998ರಲ್ಲಿ ಅಧ್ಯಕ್ಷರಾದವರು 2000ದ ಜೂನಿನಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ ಬಂದ ಮೇಲೆ ಆ ವರ್ಷದ ಪ್ರಶಸ್ತಿ ಪಡೆದರು. ಹೊಸಬರು ಎನ್ನುವುದು ಅಡ್ಡಿಯಲ್ಲ, ಕೆಲಸದ ಲೆಕ್ಕ ಇರಬೇಕು ಅಷ್ಟೇ.

ಲೆಕ್ಕ ಇದ್ದೂ ಅವಸರ ಮಾಡಿದರೆ ಏನಾಗುತ್ತದೆ ಎನ್ನುವುದನ್ನು ಇಥಿಯೋಪಿಯಾ ತೋರಿಸಿತು. 2018ರ ಏಪ್ರಿಲಿನಲ್ಲಿ ಪ್ರಧಾನಿಯಾದ ಅಬಿಯ್ ಅಹ್ಮದ್ ಅದೇ ವರ್ಷ ಎರಿಟ್ರಿಯಾ ಜತೆಗಿನ ಇಪ್ಪತ್ತು ವರ್ಷದ ಹಗೆ ಮುಗಿಸಿದರು. ದೊಡ್ಡ ಕೆಲಸವೇ. 2019ಕ್ಕೆ ನೊಬೆಲ್ ಬಂತು. 2020ರ ನವೆಂಬರಿನಲ್ಲಿ ಅವರದೇ ದೇಶದ ಟಿಗ್ರೇ ಪ್ರಾಂತ್ಯದಲ್ಲಿ ಭೀಕರ ಯುದ್ಧ ಶುರು, ಎರಡು ವರ್ಷ ನಡೆಯಿತು. ಒಮ್ಮೆ ಕೊಟ್ಟ ನೊಬೆಲ್ ವಾಪಸ್ ಪಡೆಯುವ ಹಾಗಿಲ್ಲ. 2022ರ ಜನವರಿಯಲ್ಲಿ ಸಮಿತಿಯವರು ಈ ಯುದ್ಧ ನಿಲ್ಲಿಸುವ ವಿಶೇಷ ಹೊಣೆ ನಿಮ್ಮದು ಎಂದು ಹೇಳಿಕೆ ಕೊಟ್ಟು ಸುಮ್ಮನಾಗಬೇಕಾಯಿತು. ಪ್ರಶಸ್ತಿ ಕೊಟ್ಟವನ ಹತ್ತಿರವೇ ಬೇಡಿಕೊಳ್ಳುವ ಸ್ಥಿತಿ ನೋಡಿ.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಯಾಕೆ ಎಂದರೆ, ಶಾಂತಿ ಎನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಅಲಂಕಾರದ ಮಾತಲ್ಲ. 2006ರ ಅಕ್ಟೋಬರಿನ ಕರ್ಫ್ಯೂ ನೋಡಿದ ಊರು ಇದು. 2008ರ ಸೆಪ್ಟೆಂಬರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು, 2009ರ ಜನವರಿಯಲ್ಲಿ, ಒಬಾಮಾ ಪ್ರಮಾಣವಚನ ತೆಗೆದುಕೊಂಡ ಅದೇ ವಾರ, ಇಲ್ಲಿ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿದರು. 2025ರಲ್ಲಿ ಕೋಮು ಹಿಂಸೆ ತಡೆಯುವುದಕ್ಕೆಂದೇ ಸರಕಾರ ವಿಶೇಷ ಕಾರ್ಯಪಡೆ ಕಟ್ಟಬೇಕಾಯಿತು. ಇಲ್ಲಿ ಶಾಂತಿ ಎಂದರೆ ಹಬ್ಬದ ಮೊದಲು ಪೊಲೀಸ್ ಸ್ಟೇಷನ್ನಿನಲ್ಲಿ ನಡೆಯುವ ಶಾಂತಿ ಸಮಿತಿ ಸಭೆ. ಪ್ಲಾಸ್ಟಿಕ್ ಕುರ್ಚಿ, ಚಹಾ, ಮೆರವಣಿಗೆ ಯಾವ ದಾರಿ, ಎಷ್ಟು ಗಂಟೆಗೆ ಮೈಕ್ ಬಂದ್, ಯಾರ ಫೋನ್ ನಂಬರು ಯಾರ ಹತ್ತಿರ ಉಂಟು. ಭಯಂಕರ ಬೋರು ಹೊಡೆಸುವ ಕೆಲಸ. ಫೋಟೋ ಕೂಡ ಚಂದ ಬರುವುದಿಲ್ಲ. ಅದು ಸರಿಯಾಗಿ ನಡೆದರೆ ಮರುದಿನ ಪೇಪರಿನಲ್ಲಿ ಸುದ್ದಿಯೇ ಇರುವುದಿಲ್ಲ. ಶಾಂತಿಯ ಕೆಲಸ ಎಂದರೆ ಇದು, ಭಾಷಣ ಅದರ ಮುನ್ನುಡಿ ಮಾತ್ರ. ಮುನ್ನುಡಿಗೇ ಮೊದಲ ಬಹುಮಾನ ಕೊಟ್ಟರೆ ಈ ಕುರ್ಚಿ ಹಾಕುವವರ ಗತಿ ಏನು?

ಒಬಾಮಾ ಆಮೇಲೆ ಏನೂ ಮಾಡಲಿಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. 2010ರಲ್ಲಿ ರಷ್ಯಾದ ಜತೆ ಅಣ್ವಸ್ತ್ರ ಕಡಿತದ ಒಪ್ಪಂದ ಆಯಿತು. 2015ರಲ್ಲಿ ಇರಾನ್ ಜತೆ ಒಪ್ಪಂದ, ಅದೇ ವರ್ಷ ಅರ್ಧ ಶತಮಾನದ ನಂತರ ಕ್ಯೂಬಾದ ಜತೆ ರಾಜತಾಂತ್ರಿಕ ಸಂಬಂಧ. 2016ರಲ್ಲಿ ಹಿರೋಷಿಮಾಕ್ಕೆ ಹೋದರು, ಅಧಿಕಾರದಲ್ಲಿದ್ದಾಗ ಅಲ್ಲಿಗೆ ಹೋದ ಮೊದಲ ಅಮೆರಿಕ ಅಧ್ಯಕ್ಷ. ಇನ್ನೊಂದು ಕಡೆ ಡ್ರೋನ್ ದಾಳಿಗಳು ಬುಷ್ ಕಾಲಕ್ಕಿಂತ ಎಷ್ಟೋ ಹೆಚ್ಚಾದವು, 2011ರಲ್ಲಿ ಲಿಬಿಯಾ ಆಯಿತು. ಇದನ್ನೆಲ್ಲ ತೂಗಿ 2016ರಲ್ಲಿ ಕೊಡಬೇಕೋ ಬೇಡವೋ ಎಂದು ಜಗಳ ಮಾಡಬಹುದಿತ್ತು. ಕೊಡಬಹುದು ಎನ್ನುವವರ ಹತ್ತಿರವೂ ಮಾತಿರುತ್ತಿತ್ತು. 2009ರಲ್ಲಿ ಕೊಟ್ಟು ಆ ಜಗಳವನ್ನೇ ಇಲ್ಲವಾಗಿಸಿದರು. ಸಮಿತಿಯ ಕಾರ್ಯದರ್ಶಿಯಾಗಿದ್ದ ಗೈರ್ ಲುಂಡೆಸ್ಟಾಡ್ 2015ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಆ ಪ್ರಶಸ್ತಿಯಿಂದ ಸಮಿತಿ ನಿರೀಕ್ಷಿಸಿದ್ದು ಆಗಲಿಲ್ಲ ಎಂದು ಬರೆದಿದ್ದಾರೆ.

ತಪ್ಪಾದ ಒಂದು ಪ್ರಶಸ್ತಿ ಹತ್ತು ಬೇಡಿಕೆಗಳನ್ನು ಹುಟ್ಟಿಸುತ್ತದೆ. ನಮ್ಮ ರಾಜ್ಯೋತ್ಸವ ಪ್ರಶಸ್ತಿಯ ಕತೆ ನೋಡಿಲ್ಲವೇ? ಅವನಿಗೆ ಕೊಟ್ಟಿರಿ, ನನಗೆ ಯಾಕಿಲ್ಲ ಎಂಬ ಒಂದೇ ವಾದದ ಮೇಲೆ ಪಟ್ಟಿ ನೂರು ದಾಟಿದ್ದುಂಟು. ಕೊನೆಗೆ ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಮಂದಿಗೆ ಎಂದು ಲೆಕ್ಕ ಹಾಕಿ ಬೇಲಿ ಹಾಕಬೇಕಾಯಿತು. ಟ್ರಂಪ್ ಮಾಡಿದ್ದು ಅದೇ ವಾದ, ಇಂಗ್ಲಿಷಿನಲ್ಲಿ :)

ಒಬಾಮಾ ಏನು ಮಾಡಬಹುದಿತ್ತು ಎಂದು ಕೇಳಿದರೆ, ನನ್ನ ಉತ್ತರ ಲೆ ಡುಕ್ ಥೋ. 1973ರಲ್ಲಿ ವಿಯೆಟ್ನಾಂ ಕದನ ವಿರಾಮಕ್ಕಾಗಿ ಕಿಸಿಂಜರ್ ಜತೆ ಅವರಿಗೂ ಶಾಂತಿ ಪ್ರಶಸ್ತಿ ಘೋಷಣೆಯಾಯಿತು. ನಮ್ಮಲ್ಲಿ ಇನ್ನೂ ಶಾಂತಿ ಬಂದಿಲ್ಲ ಎಂದು ಹೇಳಿ ಥೋ ಬೇಡ ಎಂದರು. ಕಿಸಿಂಜರ್ ತೆಗೆದುಕೊಂಡರು. ಒಬಾಮಾ ಘೋಷಣೆಯ ದಿನವೇ ಈ ಗೌರವ ಪಡೆದ ಹಿಂದಿನವರ ಸಾಲಿನಲ್ಲಿ ನಿಲ್ಲುವ ಅರ್ಹತೆ ನನಗಿದೆ ಎಂದು ಅನಿಸುವುದಿಲ್ಲ ಎಂದಿದ್ದರು. ಬಂದ ಸುಮಾರು 14 ಲಕ್ಷ ಡಾಲರನ್ನೂ ಪೂರ್ತಿ ದಾನ ಮಾಡಿದರು. ಅಷ್ಟು ದೂರ ಬಂದವರು ಇನ್ನೊಂದು ಹೆಜ್ಜೆ ಇಟ್ಟು, ಎಂಟು ವರ್ಷ ಬಿಟ್ಟು ನೋಡೋಣ ಸ್ವಾಮಿ ಎಂದು ನಯವಾಗಿ ಹೇಳಿ ಕಳುಹಿಸಬಹುದಿತ್ತು. ನಾರ್ವೆಯವರಿಗೆ ಮುಖಭಂಗ ಆಗುತ್ತಿತ್ತು, ಹೌದು. ಆದರೆ ಅವರಿಗೆ ಅದು ಬೇಕಿತ್ತು ಎಂದೇ ನನಗೆ ಈಗಲೂ ಅನಿಸುವುದು. ಅಮೆರಿಕದ ಅಧ್ಯಕ್ಷನಾದವನಿಗೆ ಹಾಗೆ ಬೇಡ ಎನ್ನುವುದು ಸಾಧ್ಯವೇ ಇರಲಿಲ್ಲ ಎನ್ನುವವರು ಇದ್ದರೆ, ಯಾಕೆ ಸಾಧ್ಯ ಇರಲಿಲ್ಲ ಎಂದು ನೀವೇ ಹೇಳಿ.